ಆಸ್ಪತ್ರೆ ನಡೆಯುತ್ತಿರುವಾಗಲೇ ಡೀಸೆಲ್ ಜನರೇಟರ್ ಬದಲಿಸಬಹುದೇ?

ಪ್ರಶ್ನೆ: ನಮ್ಮದು ಜಿಲ್ಲಾ ಕೇಂದ್ರವೊಂದರಲ್ಲಿರುವ 120 ಹಾಸಿಗೆಗಳ ಟ್ರಸ್ಟ್ ಆಸ್ಪತ್ರೆ. ಹತ್ತು ಹಾಸಿಗೆಗಳ ಐಸಿಯು, ಎರಡು ಶಸ್ತ್ರಚಿಕಿತ್ಸಾ ಕೊಠಡಿ, ಆರು ಡಯಾಲಿಸಿಸ್ ಯಂತ್ರ, ಒಂದು ಸಿಟಿ ಸ್ಕ್ಯಾನ್ ಇವೆ. ಈಗಿರುವ 160 ಕೆವಿಎ ಸಾಮರ್ಥ್ಯದ ಡಿಜಿ (ಡೀಸೆಲ್ ಜನರೇಟರ್) ಸೆಟ್ ಹಳೆಯದು. ಬೇಸಿಗೆಯಲ್ಲಿ ಕರೆಂಟ್ ಹೋದಾಗ ಕೆಲವೊಮ್ಮೆ ಟ್ರಿಪ್ ಆಗುತ್ತದೆ. ಸಿಬ್ಬಂದಿ ಓಡಾಡಿ ಎಸಿಗಳನ್ನು ಆರಿಸಬೇಕಾಗುತ್ತದೆ. 320 ಕೆವಿಎ ಹೊಸ ಸೆಟ್‌ಗೆ ಕೊಟೇಶನ್ ಬಂದಿದೆ. ಒಂದು ಭಾನುವಾರ ರಾತ್ರಿ ಆರು ಗಂಟೆ ಬಿಟ್ಟುಕೊಟ್ಟರೆ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿಕೊಡುತ್ತೇವೆ ಎನ್ನುತ್ತಾರೆ. ಆಸ್ಪತ್ರೆಯನ್ನು ಮುಚ್ಚದೆ ಇದನ್ನು ಮಾಡಿಸಬಹುದೇ? ಹಳೆಯ ಸೆಟ್ ಅನ್ನು ಎಕ್ಸ್‌ಚೇಂಜ್‌ಗೆ ಕೊಡಬಹುದೇ?
— ಆಡಳಿತಾಧಿಕಾರಿ

ಉತ್ತರ: ಮುಚ್ಚದೆ ಮಾಡಿಸಬಹುದು. ಆದರೆ ಆ ಆರು ಗಂಟೆಯ ಯೋಜನೆಗೆ ದಯವಿಟ್ಟು ಸಹಿ ಹಾಕಬೇಡಿ. ಹಳೆಯ ಡಿಜಿಯನ್ನು ಬಿಚ್ಚಿ ಹೊಸದಕ್ಕೆ ಕೇಬಲ್ ಕಟ್ಟುವವರೆಗೆ ನಿಮ್ಮ ಐಸಿಯುಗೆ ಉಳಿಯುವುದು ಎಸ್ಕಾಂನ ಒಂದೇ ಒಂದು ಲೈನ್ ಮತ್ತು ಯುಪಿಎಸ್ ಬ್ಯಾಟರಿಯ ಕೆಲವು ನಿಮಿಷಗಳು. ಆ ಹೊತ್ತಿನಲ್ಲಿ ಊರಾಚೆ ಒಂದು ಮರದ ಕೊಂಬೆ ತಂತಿಯ ಮೇಲೆ ಬಿದ್ದರೂ ಮುಗಿಯಿತು. ನಡೆಯುತ್ತಿರುವ ಆಸ್ಪತ್ರೆಯಲ್ಲಿ ಇಂಥ ಕೆಲಸಕ್ಕೆ ನಾನು ಇಡುವ ಷರತ್ತು ಒಂದೇ: ಕೆಲಸ ಶುರುವಾದ ಗಳಿಗೆಯಿಂದ ಮುಗಿಯುವವರೆಗೆ, ಯಾವ ಹೊತ್ತಿನಲ್ಲಿ ನೋಡಿದರೂ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂಲಗಳು ಸಿದ್ಧವಾಗಿರಬೇಕು. ಈ ಷರತ್ತನ್ನು ಒಪ್ಪುವ ಗುತ್ತಿಗೆದಾರರ ಯೋಜನೆ ಆರು ಗಂಟೆಯಲ್ಲಿ ಮುಗಿಯುವುದಿಲ್ಲ, ಮೂರು ನಾಲ್ಕು ವಾರ ಹಿಡಿಯುತ್ತದೆ. ಅದರಲ್ಲಿ ವಿದ್ಯುತ್ ನಿಲ್ಲುವ ಹೊತ್ತು ಮಾತ್ರ ಬಹಳ ಕಡಿಮೆ.

ಅದಕ್ಕೂ ಮೊದಲು ಕೊಟೇಶನ್ ಬಗ್ಗೆಯೇ ನನಗೆ ತಕರಾರಿದೆ. ಆಸ್ಪತ್ರೆಗಳು ಕತ್ತಲಾಗುವುದು ಡಿಜಿ ಚಿಕ್ಕದಾಯಿತು ಎಂಬ ಕಾರಣಕ್ಕೆ ಕಡಿಮೆ. ಡಿಜಿಯಿಂದ ರೋಗಿಯ ಹಾಸಿಗೆಯವರೆಗಿನ ದಾರಿಯಲ್ಲಿ ಎಲ್ಲೋ ಒಂದು ಕೊಂಡಿ ಕಳಚಿರುತ್ತದೆ. 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕ್‌ಗೆ ಬಡಿದಾಗ ಅಲ್ಲಿನ ಬೆಲ್‌ವ್ಯೂ ಆಸ್ಪತ್ರೆಯ ಜನರೇಟರ್‌ಗಳು 13ನೇ ಮಹಡಿಯಲ್ಲಿ ಸುರಕ್ಷಿತವಾಗಿದ್ದವು. ಅವುಗಳಿಗೆ ಇಂಧನ ಏರಿಸುವ ಪಂಪುಗಳು ಇದ್ದದ್ದು ನೆಲಮಾಳಿಗೆಯಲ್ಲಿ. ಅಲ್ಲಿ ನೀರು ನುಗ್ಗಿತು. ಸಿಬ್ಬಂದಿಯೂ ನ್ಯಾಷನಲ್ ಗಾರ್ಡ್ ಯೋಧರೂ ಮೆಟ್ಟಿಲಲ್ಲಿ ಸಾಲಾಗಿ ನಿಂತು ಇಂಧನವನ್ನು ಕೈಯಿಂದ ಕೈಗೆ ದಾಟಿಸಿದರು. ಕೊನೆಗೆ ಆಸ್ಪತ್ರೆಯನ್ನೇ ಖಾಲಿ ಮಾಡಬೇಕಾಯಿತು. ನಮ್ಮ ಕಡೆ ಇಷ್ಟು ದೊಡ್ಡ ನೆಪವೂ ಬೇಕಿಲ್ಲ. ಸರ್ವೀಸಿಗೆ ಬಂದವರು ಎಎಂಎಫ್ ಪ್ಯಾನೆಲ್ಲಿನ (ಕರೆಂಟ್ ಹೋದಾಗ ಡಿಜಿಯನ್ನು ತಾನಾಗಿ ಚಾಲೂ ಮಾಡುವ ಪ್ಯಾನೆಲ್) ಸ್ವಿಚ್ಚನ್ನು ಆಟೊದಿಂದ ಮ್ಯಾನ್ಯುಯಲ್‌ಗೆ ತಿರುಗಿಸಿ ಹಾಗೆಯೇ ಹೊರಟುಹೋಗಿರುತ್ತಾರೆ. ಸ್ಟಾರ್ಟಿಂಗ್ ಬ್ಯಾಟರಿಯ ಚಾರ್ಜರ್ ಕೆಟ್ಟು ತಿಂಗಳಾಗಿದ್ದರೂ ಯಾರೂ ನೋಡಿರುವುದಿಲ್ಲ. ಡೀಸೆಲ್ ಟ್ಯಾಂಕಿನ ತಳದಲ್ಲಿ ನೀರು ಕೂತಿರುತ್ತದೆ. 320 ಕೆವಿಎ ತಂದು ಇದೇ ದಾರಿಗೆ ಜೋಡಿಸಿದರೆ ನಿಮಗೆ ಸಿಗುವುದು ದೊಡ್ಡ ಡಿಜಿ ಮತ್ತು ಅದೇ ಹಳೆಯ ಕತ್ತಲೆ.

ಹಾಗಾಗಿ ಮೊದಲು ಕೇಳಬೇಕಾದದ್ದು: ಈಗಿನ ಸೆಟ್ ಟ್ರಿಪ್ ಆಗುವುದಾದರೂ ಏಕೆ? ಕಂಟ್ರೋಲರ್ ಪರದೆಯಲ್ಲಿ ಕೊನೆಯ ದೋಷಗಳ ಪಟ್ಟಿ ಉಳಿದಿರುತ್ತದೆ, ಓದಿಸಿ. ಓವರ್‌ಲೋಡ್ ಎಂದಿದೆಯೋ, ಎಂಜಿನ್ ಬಿಸಿಯಾಯಿತು ಎಂದಿದೆಯೋ, ವೋಲ್ಟೇಜ್ ಕುಸಿಯಿತು ಎಂದಿದೆಯೋ? ಮೂರೂ ಬೇರೆ ಬೇರೆ ಕಾಯಿಲೆಗಳು. ಬಿಸಿಯಾಗುತ್ತಿದ್ದರೆ ರೇಡಿಯೇಟರ್ ಕಟ್ಟಿರಬಹುದು, ಅಥವಾ ಶೆಡ್ಡಿನಿಂದ ಬಿಸಿಗಾಳಿ ಹೊರಹೋಗಲು ಜಾಗವಿಲ್ಲದಿರಬಹುದು. ಓವರ್‌ಲೋಡ್ ಎಂದಿದ್ದು, ಮೂರು ಫೇಸುಗಳಲ್ಲಿ ಒಂದರ ಮೇಲೆ ಮಾತ್ರ ಹೊರೆ ಹೆಚ್ಚಿದ್ದರೆ ಎಸಿಗಳನ್ನು ಮೂರು ಫೇಸಿಗೂ ಹಂಚಿದರೆ ಸಾಕಾಗುತ್ತದೆ. ವೋಲ್ಟೇಜ್ ಕುಸಿತವಾದರೆ ಲಿಫ್ಟ್, ನೀರಿನ ಪಂಪು, ಎಸಿ ಎಲ್ಲವೂ ಒಮ್ಮೆಲೇ ಶುರುವಾಗುತ್ತಿರಬಹುದು. ನೇರವಾಗಿ ಚಾಲೂ ಆಗುವ ಮೋಟಾರ್ ಮೊದಲ ಕ್ಷಣಗಳಲ್ಲಿ ತನ್ನ ಸಾಮಾನ್ಯ ಕರೆಂಟಿನ ಆರೇಳು ಪಟ್ಟು ಎಳೆಯುತ್ತದೆ. ಅವು ಹತ್ತು ಹತ್ತು ಸೆಕೆಂಡಿನ ಅಂತರದಲ್ಲಿ ಒಂದಾದ ಮೇಲೊಂದು ಎದ್ದುಕೊಳ್ಳುವಂತೆ ಟೈಮರ್ ಹಾಕಿಸುವ ಖರ್ಚು ಹೊಸ ಡಿಜಿಯ ಖರ್ಚಿಗಿಂತ ಎಷ್ಟೋ ಕಡಿಮೆ.

ಇಷ್ಟಾದ ಮೇಲೂ ಸೆಟ್ ಸಾಲದು ಎಂದಾದರೆ ಅಳತೆ ಮಾಡಿಸಿ. ಮುಖ್ಯ ಪ್ಯಾನೆಲ್ಲಿಗೆ ಹೊರೆಯನ್ನು ದಾಖಲಿಸುವ ಪವರ್ ಅನಲೈಸರ್ ಕಟ್ಟಿ ಕನಿಷ್ಠ ಒಂದು ವಾರ ಬಿಡಿಸಿ. ಸೋಮವಾರದ ಹೊರರೋಗಿಗಳ ನೂಕುನುಗ್ಗಲೂ ಅದರಲ್ಲಿ ಸೇರಬೇಕು, ಭಾನುವಾರದ ನಡುರಾತ್ರಿಯೂ ಸೇರಬೇಕು. ಸಾಧ್ಯವಿದ್ದರೆ ಏಪ್ರಿಲ್‌ನಲ್ಲೇ ಮಾಡಿಸಿ. ಉಪಕರಣಗಳ ನೇಮ್‌ಪ್ಲೇಟುಗಳ ಮೇಲಿನ ಅಂಕಿಗಳನ್ನು ಕೂಡಿಸಿ ಬರುವ ಮೊತ್ತವನ್ನು ನಂಬಬೇಡಿ. ಅದು ಯಾವಾಗಲೂ ಮಾರುವವರ ಪರವಾಗಿಯೇ ಬರುತ್ತದೆ. ಸಿಟಿ ಸ್ಕ್ಯಾನ್ ಲೆಕ್ಕವನ್ನು ಮಾತ್ರ ಪ್ರತ್ಯೇಕವಾಗಿ ಇಡಿ. ಅದು ಸ್ಕ್ಯಾನಿನ ಕೆಲವು ಸೆಕೆಂಡು ಹತ್ತಾರು ಕಿಲೋವ್ಯಾಟ್ ಎಳೆದು ಮತ್ತೆ ಸುಮ್ಮನಾಗುವ ಯಂತ್ರ. ಡಿಜಿಯ ಮೇಲೆ ಅದನ್ನು ನಡೆಸಬಹುದೇ, ಯಾವ ಷರತ್ತಿನ ಮೇಲೆ ಎಂಬುದನ್ನು ತಯಾರಕ ಕಂಪನಿಯಿಂದ ಬರವಣಿಗೆಯಲ್ಲೇ ಪಡೆಯಿರಿ.

ಅಳತೆಯಲ್ಲಿ, ಉದಾಹರಣೆಗೆ, ಹಗಲಿನ ಗರಿಷ್ಠ ಹೊರೆ 110 ಕಿಲೋವ್ಯಾಟ್, ರಾತ್ರಿಯದು 40 ಕಿಲೋವ್ಯಾಟ್ ಎಂದು ಬಂತೆಂದುಕೊಳ್ಳಿ. 320 ಕೆವಿಎ ಎಂದರೆ 0.8 ಪವರ್ ಫ್ಯಾಕ್ಟರ್‌ನಲ್ಲಿ (ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 256 ಕಿಲೋವ್ಯಾಟ್. ರಾತ್ರಿಯೆಲ್ಲ ಅದು ಶೇ 16ರಷ್ಟು ಹೊರೆಯಲ್ಲಿ ಓಡಬೇಕು. ಡೀಸೆಲ್ ಎಂಜಿನ್ನಿಗೆ ಇದು ಆಗಿಬರುವುದಿಲ್ಲ. ಶೇ 30ಕ್ಕಿಂತ ಕಡಿಮೆ ಹೊರೆಯಲ್ಲಿ ಬಹಳ ಹೊತ್ತು ಓಡಿದರೆ ಇಂಧನ ಪೂರ್ತಿ ಉರಿಯದೆ ಮಸಿಯಾಗಿ ಎಕ್ಸಾಸ್ಟ್‌ನಲ್ಲಿ ಅಂಟಿಕೊಳ್ಳುತ್ತದೆ. 2023ರ ಜುಲೈನಿಂದ ಜಾರಿಯಾದ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಿಪಿಸಿಬಿ 4 ಪ್ಲಸ್ ಮಾನದಂಡದ ಹೊಸ ಸೆಟ್‌ಗಳಲ್ಲಿ ಹೊಗೆ ಶುದ್ಧೀಕರಿಸುವ ವ್ಯವಸ್ಥೆ ಇರುವುದರಿಂದ, ಎಂಜಿನ್ ಸಾಕಷ್ಟು ಬಿಸಿಯಾಗದಿದ್ದರೆ ಅದರ ತಂಟೆಯೂ ಸೇರಿಕೊಳ್ಳುತ್ತದೆ. ಇದರ ಬದಲು 160 ಕೆವಿಎಯ ಎರಡು ಸೆಟ್ ಇದ್ದರೆ ರಾತ್ರಿ ಒಂದೇ ಓಡುತ್ತದೆ, ಶೇ 31ರ ಹೊರೆಯಲ್ಲಿ. ಹಗಲು ಎರಡೂ ಸೇರಿ ಹೊತ್ತುಕೊಳ್ಳುತ್ತವೆ. ಒಂದು ಕೆಟ್ಟರೂ ಇನ್ನೊಂದರ 128 ಕಿಲೋವ್ಯಾಟ್‌ನಲ್ಲಿ ಆಸ್ಪತ್ರೆ ನಡೆಯುತ್ತದೆ. ದರ ಹೆಚ್ಚು, ಜಾಗವೂ ಹೆಚ್ಚು ಬೇಕು. ಆದರೂ ಐಸಿಯು ಇರುವ ಆಸ್ಪತ್ರೆಗೆ ನಾನು ಒಂದೇ ದೊಡ್ಡ ಸೆಟ್ ಅನ್ನು ಶಿಫಾರಸು ಮಾಡುವುದಿಲ್ಲ. ಎರಡಿದ್ದರೆ ಎರಡಕ್ಕೂ ಬೇರೆ ಬೇರೆ ಬ್ಯಾಟರಿ, ಬೇರೆ ಚಾರ್ಜರ್, ಬೇರೆ ಡೀಸೆಲ್ ಪೈಪು ಇರಲಿ. ಇಲ್ಲವಾದರೆ ಲೆಕ್ಕಕ್ಕೆ ಎರಡು, ಕೆಡುವಾಗ ಒಂದೇ.

ಅಳತೆ ನಡೆಯುವ ವಾರದಲ್ಲೇ ಇನ್ನೊಂದು ಕೆಲಸ ಮಾಡಿಸಿ. ಇದನ್ನು ಯಾವ ಕೊಟೇಶನ್‌ನಲ್ಲೂ ಕಾಣುವುದಿಲ್ಲ. ಐಸಿಯು ಮತ್ತು ಶಸ್ತ್ರಚಿಕಿತ್ಸಾ ಕೊಠಡಿಯ ಗೋಡೆಯಲ್ಲಿರುವ ಒಂದೊಂದು ಸಾಕೆಟ್ಟೂ ಎಲ್ಲಿಂದ ಬರುತ್ತಿದೆ ಎಂದು ಹುಡುಕಿಸಿ. ಸಾಮಾನ್ಯವಾಗಿ ಯುಪಿಎಸ್ ಸಾಕೆಟ್‌ಗೆ ಕೆಂಪು ಬಣ್ಣ, ಉಳಿದದ್ದಕ್ಕೆ ಬಿಳಿ. ನಾನು ನೋಡಿದ ಒಂದು ಐಸಿಯುನಲ್ಲಿ ಹಾಸಿಗೆಯೊಂದರ ತಲೆಭಾಗದಲ್ಲಿ ನಾಲ್ಕು ಕೆಂಪು ಸಾಕೆಟ್‌ಗಳಿದ್ದವು. ಎರಡು ಯುಪಿಎಸ್‌ನಿಂದ ಬರುತ್ತಿದ್ದವು, ಒಂದು ಡಿಜಿ ಲೈನಿನಿಂದ. ನಾಲ್ಕನೆಯದು ಪಕ್ಕದ ಕಾರಿಡಾರಿನ ದೀಪದ ಸರ್ಕ್ಯೂಟ್‌ನಿಂದ ಬರುತ್ತಿತ್ತು. ಅದಕ್ಕೆ ಡಿಜಿಯೇ ಇರಲಿಲ್ಲ. ಯಾವಾಗಲೋ ಗೋಡೆ ಒಡೆದು ದುರಸ್ತಿ ಮಾಡಿದವರು ಕೈಗೆ ಸಿಕ್ಕ ತಂತಿಗೆ ಸೇರಿಸಿ, ಅಂಗಡಿಯಲ್ಲಿದ್ದ ಕೆಂಪು ಸಾಕೆಟ್ ಹಾಕಿ ಹೋಗಿದ್ದರು. ಸಿರಿಂಜ್ ಪಂಪ್ ಅದರಲ್ಲೇ ಇತ್ತು. ತನ್ನ ಬ್ಯಾಟರಿ ಇದ್ದುದರಿಂದ ಕರೆಂಟ್ ಹೋದಾಗಲೆಲ್ಲ ಅದು ನಡೆಯುತ್ತಿತ್ತು, ಯಾರಿಗೂ ಗೊತ್ತಾಗಿರಲಿಲ್ಲ. ಹುಡುಕಿದ ಮೇಲೆ ನಿಜಸ್ಥಿತಿಯ ಸಿಂಗಲ್ ಲೈನ್ ಡಯಾಗ್ರಂ (ವಿದ್ಯುತ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬ ನಕ್ಷೆ) ಬರೆಸಿ ಪ್ಯಾನೆಲ್ ಕೋಣೆಯ ಗೋಡೆಗೆ ಅಂಟಿಸಿ. ಕಟ್ಟಡ ಕಟ್ಟುವಾಗ ಬರೆದ ನಕ್ಷೆಯನ್ನು ನಂಬಿ ಸ್ವಿಚ್ ಎಳೆಯುವುದು ಬೇಡ.

ಯಾವುದಕ್ಕೆ ಎಷ್ಟು ಬೇಗ ವಿದ್ಯುತ್ ಮರಳಬೇಕು ಎಂಬುದನ್ನು ಇದೇ ನಕ್ಷೆಯ ಮೇಲೆ ಗುರುತಿಸಬೇಕು. ವೈದ್ಯಕೀಯ ಸ್ಥಳಗಳ ಬಗ್ಗೆ ಇರುವ ಅಂತರರಾಷ್ಟ್ರೀಯ ಮಾನದಂಡ, ಅಂದರೆ ಐಇಸಿ 60364ರ 710ನೇ ಭಾಗ, ಶಸ್ತ್ರಚಿಕಿತ್ಸಾ ಮೇಜಿನ ದೀಪಕ್ಕೆ ಅರ್ಧ ಸೆಕೆಂಡಿನೊಳಗೆ ವಿದ್ಯುತ್ ಬರಬೇಕು ಎನ್ನುತ್ತದೆ. ಅದು ಯುಪಿಎಸ್ ಇಲ್ಲದೆ ಆಗುವ ಮಾತಲ್ಲ. ಡಿಜಿಯ ಸರದಿ ಬರುವುದು 15 ಸೆಕೆಂಡಿನೊಳಗೆ ವಿದ್ಯುತ್ ಮರಳಬೇಕಾದ ದರ್ಜೆಯಲ್ಲಿ. ಅಡುಗೆಮನೆ, ಲಾಂಡ್ರಿ, ಆಡಳಿತ ಕಚೇರಿಯ ಎಸಿ ಕಾಯಬಹುದು. ನಿಮ್ಮ ಕೋಣೆಯ ಎಸಿಯನ್ನೂ ಅದೇ ಪಟ್ಟಿಗೆ ಸೇರಿಸಿಬಿಡಿ, ಉಳಿದವರ ತಕರಾರು ತಾನಾಗಿಯೇ ಕಡಿಮೆಯಾಗುತ್ತದೆ.

ಯುಪಿಎಸ್ ಮತ್ತು ಡಿಜಿಗೆ ಹೊಂದಾಣಿಕೆ ಇದೆಯೇ ಎಂಬುದು ಮುಂದಿನ ಪ್ರಶ್ನೆ. ಇಲ್ಲಿ ಮೋಸಹೋಗುವವರು ಬಹಳ. ಡಿಜಿ ಓಡುತ್ತಿರುತ್ತದೆ, ಐಸಿಯುನಲ್ಲಿ ಎಲ್ಲವೂ ಉರಿಯುತ್ತಿರುತ್ತದೆ, ಎಲ್ಲರೂ ನಿರಾಳ. ಆದರೆ ಲಿಫ್ಟ್ ಏರಿಳಿದಾಗಲೆಲ್ಲ ಡಿಜಿಯ ಫ್ರೀಕ್ವೆನ್ಸಿ 50 ಹರ್ಟ್ಸ್‌ನಿಂದ ಆಚೀಚೆ ಸರಿದರೆ, ಯುಪಿಎಸ್ ಆ ವಿದ್ಯುತ್ತನ್ನು ತಿರಸ್ಕರಿಸಿ ತನ್ನ ಬ್ಯಾಟರಿಗೆ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಮರಳಿ ಬರುತ್ತದೆ, ಮತ್ತೆ ಹೋಗುತ್ತದೆ. ಹೀಗೆ ಬ್ಯಾಟರಿ ಬರಿದಾಗಿ, ಡಿಜಿ ಓಡುತ್ತಿರುವಾಗಲೇ ಐಸಿಯು ಆರುತ್ತದೆ. ಆದ್ದರಿಂದ ಡಿಜಿ ಪರೀಕ್ಷಿಸುವಾಗ ಡಿಜಿಯ ಮುಂದೆ ನಿಲ್ಲುವುದಕ್ಕಿಂತ ಯುಪಿಎಸ್ ಪರದೆಯ ಮುಂದೆ ಅರ್ಧ ಗಂಟೆ ನಿಲ್ಲುವುದು ಮೇಲು. ಪವರ್ ಫ್ಯಾಕ್ಟರ್ ಸರಿಪಡಿಸುವ ಕೆಪಾಸಿಟರ್ ಪ್ಯಾನೆಲ್ ಕೂಡ ಡಿಜಿ ಬಂದಾಗ ತಾನಾಗಿ ಕಳಚಿಕೊಳ್ಳುವಂತಿರಬೇಕು. ಇಲ್ಲವಾದರೆ ಹೊರೆ ಕಡಿಮೆಯಿದ್ದ ರಾತ್ರಿ ವೋಲ್ಟೇಜ್ ಏರಿ ಸೆಟ್ ಟ್ರಿಪ್ ಆಗುತ್ತದೆ. ಚಾವಣಿಯಲ್ಲಿ ಸೌರ ಫಲಕಗಳಿದ್ದರೆ ಡಿಜಿ ಓಡುವಾಗ ಅವುಗಳ ಉತ್ಪಾದನೆಯನ್ನು ತಗ್ಗಿಸುವ ಕಂಟ್ರೋಲರ್ ಬೇಕು. ಕೊಟೇಶನ್‌ನಲ್ಲಿ ಅದಿಲ್ಲದಿದ್ದರೆ ಕೇಳಿ ಸೇರಿಸಿಸಿ.

ಇನ್ನು ಕೆಲಸದ ಕ್ರಮ. ಹಳೆಯದನ್ನು ಮುಟ್ಟದೆ ಅದರ ಪಕ್ಕದಲ್ಲಿ ಹೊಸದನ್ನು ಪೂರ್ತಿಯಾಗಿ ಕಟ್ಟುವುದು ಮೊದಲನೆಯದು. ಹೊಸ ಅಡಿಪಾಯ, ಹೊಸ ಸೆಟ್, ಹೊಸ ಮುಖ್ಯ ಪ್ಯಾನೆಲ್, ಹೊಸ ಅರ್ಥಿಂಗ್ ಗುಂಡಿಗಳು. ಅಲ್ಲಿಂದ ಐಸಿಯುವರೆಗೆ ಹೊಸ ಕೇಬಲ್ ಕೂಡ ಮೊದಲೇ ಎಳೆದಿಟ್ಟಿರಬೇಕು; ಹಳೆಯ ಕೇಬಲ್ ಹೊಸ ಪ್ಯಾನೆಲ್ಲಿಗೆ ಮೂರು ಅಡಿ ಸಾಲದು ಎಂಬುದು ಕೆಲಸದ ದಿನ ಗೊತ್ತಾಗಬಾರದು. ಹೊಸ ಸೆಟ್‌ಗೆ ಆಸ್ಪತ್ರೆಯನ್ನು ಜೋಡಿಸುವ ಮೊದಲು ಬಾಡಿಗೆಗೆ ಲೋಡ್ ಬ್ಯಾಂಕ್ (ಪರೀಕ್ಷೆಗೆಂದು ಕೃತಕ ಹೊರೆ ಕೊಡುವ ಯಂತ್ರ) ತರಿಸಿ, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂದು ಹೊರೆ ಏರಿಸಿ ಗಂಟೆಗಟ್ಟಲೆ ಓಡಿಸಿ ನೋಡಬೇಕು. ಇದರ ಜೊತೆಗೆ ಕೆಲಸ ಮುಗಿಯುವವರೆಗೆ ಒಂದು ಬಾಡಿಗೆ ಡಿಜಿ ಬೇಕು. ಟ್ರಸ್ಟಿಗಳು ಕತ್ತರಿ ಹಾಕಲು ನೋಡುವುದು ಈ ಎರಡು ಬಾಡಿಗೆಗಳಿಗೇ. ಬಿಟ್ಟುಕೊಡಬೇಡಿ.

ಬಾಡಿಗೆ ಡಿಜಿ ಜೋಡಿಸುವಾಗ ಎರಡು ವಿಷಯಗಳಲ್ಲಿ ಹಟ ಹಿಡಿಯಿರಿ. ಅದೂ ಮೇನ್ಸೂ (ಎಸ್ಕಾಂ ಲೈನ್) ಏಕಕಾಲಕ್ಕೆ ಸೇರದಂತೆ ಮೆಕ್ಯಾನಿಕಲ್ ಇಂಟರ್‌ಲಾಕ್ ಇರಲೇಬೇಕು. ಇಲ್ಲವಾದರೆ ನಿಮ್ಮ ಡಿಜಿಯ ವಿದ್ಯುತ್ ಟ್ರಾನ್ಸ್‌ಫಾರ್ಮರ್ ಮೂಲಕ ಹಿಂದಕ್ಕೆ ಹರಿದು, ಲೈನ್ ಆಫ್ ಆಗಿದೆ ಎಂದು ಕಂಬ ಹತ್ತಿದ ಲೈನ್‌ಮನ್‌ಗೆ 11 ಕೆವಿ ಹೊಡೆಯುತ್ತದೆ. ಇನ್ನೊಂದು ಫೇಸ್ ಅನುಕ್ರಮ. ಎರಡು ತಂತಿ ಅದಲುಬದಲಾದರೂ ದೀಪಗಳು ಉರಿಯುತ್ತವೆ, ಎಲ್ಲ ಸರಿಯಿದೆ ಎನಿಸುತ್ತದೆ. ಆದರೆ ಮೂರು ಫೇಸಿನ ಮೋಟಾರ್‌ಗಳು ಹಿಂದುಮುಂದಾಗಿ ತಿರುಗುತ್ತವೆ. ನೀರಿನ ಪಂಪ್ ಹಾಗೆ ತಿರುಗಿದರೆ ನೀರು ಬರುವುದಿಲ್ಲ ಅಷ್ಟೇ. ಐಸಿಯುನ ಸಕ್ಷನ್ ನಡೆಸುವ ವ್ಯಾಕ್ಯೂಮ್ ಪಂಪ್ ಹಾಗೆ ತಿರುಗಿದರೆ ಅದರ ಎಣ್ಣೆ ಪೈಪಿನೊಳಗೇ ಹೋಗಬಹುದು. ಫೇಸ್ ಸೀಕ್ವೆನ್ಸ್ ಮೀಟರ್ ಹಿಡಿದು ನೋಡಲು ಎರಡು ನಿಮಿಷ ಸಾಕು. ನ್ಯೂಟ್ರಲ್ ತಂತಿಯ ಬಿಗಿತವನ್ನೂ ಅದೇ ಹೊತ್ತಿನಲ್ಲಿ ನೋಡಿಸಿ. ನ್ಯೂಟ್ರಲ್ ಕಳಚಿಕೊಂಡರೆ 230 ವೋಲ್ಟಿನ ಯಂತ್ರಗಳಿಗೆ 400ರ ಹತ್ತಿರದ ವೋಲ್ಟೇಜ್ ನುಗ್ಗಿ ಮಾನಿಟರ್‌ಗಳು ಸಾಲುಸಾಲಾಗಿ ಸುಟ್ಟುಹೋಗುತ್ತವೆ.

ಅನುಮತಿಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಅದನ್ನು ಪರವಾನಗಿ ಪಡೆದ ನಿಮ್ಮ ಗುತ್ತಿಗೆದಾರರೇ ಮಾಡಿಸಬೇಕು. ವಿದ್ಯುತ್ ಪರಿವೀಕ್ಷಣಾಲಯದ ಒಪ್ಪಿಗೆ ಮತ್ತು ತಪಾಸಣೆ ಆಗದೆ ಹೊಸ ಸೆಟ್ ಚಾಲೂ ಮಾಡಬೇಡಿ. ಹೊಗೆ ಕೊಳವೆಯ ಎತ್ತರಕ್ಕೆ ಒಂದು ಸೂತ್ರವಿದೆ: ಕಟ್ಟಡದ ಎತ್ತರದ ಮೇಲೆ, ಕೆವಿಎಯ ವರ್ಗಮೂಲದ 0.2 ಪಟ್ಟು ಮೀಟರ್. 160 ಕೆವಿಎಗೆ ಅದು ಸುಮಾರು ಎರಡೂವರೆ ಮೀಟರ್. ಕೊಳವೆಯ ಬಾಯಿ ಎಸಿಯ ತಾಜಾ ಗಾಳಿ ಒಳಬರುವ ಕಡೆಗೆ ಇರದಿರಲಿ. ಡೀಸೆಲ್ ಟ್ಯಾಂಕುಗಳು ಬಹುತೇಕ 990 ಲೀಟರಿನವೇ ಆಗಿರುವುದಕ್ಕೂ ಕಾರಣವಿದೆ. ಒಂದು ಪಾತ್ರೆಯಲ್ಲಿ 1000 ಲೀಟರ್, ಒಟ್ಟು ಒಂದೆಡೆ 2500 ಲೀಟರ್ ಮೀರದಿದ್ದರೆ ಪೆಟ್ರೋಲಿಯಂ ನಿಯಮಗಳಡಿ ಪರವಾನಗಿ ಬೇಕಿಲ್ಲ. ಒಂದು ಲೀಟರಿಗೆ ಮೂರೂವರೆ ಯೂನಿಟ್ ಎಂದು ಹಿಡಿದರೆ, 110 ಕಿಲೋವ್ಯಾಟ್ ಹೊರೆಗೆ ತುಂಬಿದ ಒಂದು ಟ್ಯಾಂಕ್ ಸುಮಾರು 30 ಗಂಟೆ ಬರುತ್ತದೆ.

ಹೊಸ ವ್ಯವಸ್ಥೆಗೆ ಸ್ಥಳಾಂತರಿಸುವ ದಿನಕ್ಕೆ ಬರೋಣ. ರಾತ್ರಿ ಬೇಡ. ಭಾನುವಾರ ಬೆಳಗಿನ ಆರರಿಂದ ಹತ್ತು ಗಂಟೆ ನನ್ನ ಆಯ್ಕೆ. ಹೊರರೋಗಿ ವಿಭಾಗ ಇರುವುದಿಲ್ಲ, ಪೂರ್ವನಿಗದಿತ ಶಸ್ತ್ರಚಿಕಿತ್ಸೆ ಇರುವುದಿಲ್ಲ, ಡಯಾಲಿಸಿಸ್ ಸರದಿಯನ್ನು ಮಧ್ಯಾಹ್ನಕ್ಕೆ ಸರಿಸಬಹುದು. ಮುಖ್ಯವಾಗಿ ಕೆಲಸಗಾರರು ನಿದ್ದೆ ಮಾಡಿ ಎದ್ದಿರುತ್ತಾರೆ, ಏನಾದರೂ ಒಡೆದರೆ ಅಂಗಡಿಯವರನ್ನು ಕರೆದು ಬಾಗಿಲು ತೆಗೆಸಬಹುದು. ನಡುರಾತ್ರಿ ಮೂರು ಗಂಟೆಗೆ ಕೇಬಲ್ ತುದಿಗೆ ಹಾಕುವ ಒಂದು ಲಗ್ ಸಿಗದೆ ಆಸ್ಪತ್ರೆ ಕಾದು ಕೂರುವಂತಾಗಬಾರದು. ತಿಂಗಳು ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ಇರಲಿ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆ, ಆಮೇಲಿನ ಮುಂಗಾರು ಎರಡೂ ಲೈನಿಗೆ ಒಳ್ಳೆಯದಲ್ಲ. ಎಸ್ಕಾಂ ಶಾಖಾಧಿಕಾರಿಗೆ ಮೊದಲೇ ಪತ್ರ ಕೊಟ್ಟು, ಆ ದಿನ ನಿಮಗೆ ವಿದ್ಯುತ್ ತರುವ ಲೈನಿನಲ್ಲಿ ನಿರ್ವಹಣೆಯ ಕೆಲಸ ಇಟ್ಟುಕೊಳ್ಳದಂತೆ ಕೇಳಿಕೊಳ್ಳಿ.

ಮೊದಲ ಹಂತದಲ್ಲಿ ಬಾಡಿಗೆ ಡಿಜಿ ಆಸ್ಪತ್ರೆಯನ್ನು ನಡೆಸುತ್ತದೆ, ಹಳೆಯ ಡಿಜಿ ಸಿದ್ಧವಾಗಿ ನಿಂತಿರುತ್ತದೆ. ಆಗ ಟ್ರಾನ್ಸ್‌ಫಾರ್ಮರ್ ನಿಲ್ಲಿಸಿ ಅದರಿಂದ ಹೊಸ ಪ್ಯಾನೆಲ್ಲಿಗೆ ಕೇಬಲ್ ಕಟ್ಟುತ್ತಾರೆ. ಬಳಿಕ ಟ್ರಾನ್ಸ್‌ಫಾರ್ಮರ್ ಚಾಲೂ ಮಾಡಿದರೆ ಹಳೆಯ, ಹೊಸ ಪ್ಯಾನೆಲ್‌ಗಳೆರಡೂ ಜೀವಂತ. ಹಳೆಯದರ ಬೆನ್ನಿಗೆ ಹಳೆಯ ಡಿಜಿ, ಹೊಸದರ ಬೆನ್ನಿಗೆ ಹೊಸದು. ಅಲ್ಲಿಂದ ಮುಂದೆ ಒಂದೊಂದೇ ಫೀಡರ್ ಅನ್ನು (ಒಂದು ವಿಭಾಗಕ್ಕೆ ವಿದ್ಯುತ್ ಒಯ್ಯುವ ಕೇಬಲ್) ಬೇರೆ ಬೇರೆ ದಿನ ಹೊಸ ಪ್ಯಾನೆಲ್ಲಿಗೆ ಸಾಗಿಸುತ್ತಾರೆ. ಮೊದಲು ಆಡಳಿತ ಕಚೇರಿ, ಆಮೇಲೆ ವಾರ್ಡುಗಳು, ಪ್ರಯೋಗಾಲಯ, ಎಲ್ಲಕ್ಕಿಂತ ಕೊನೆಗೆ ಐಸಿಯು. ಅಷ್ಟರಲ್ಲಿ ತಂಡದ ಕೈ ಪಳಗಿರುತ್ತದೆ. ಪ್ರಯೋಗಾಲಯದ ವಿಶ್ಲೇಷಣಾ ಯಂತ್ರಗಳು ಒಮ್ಮೆ ಆರಿದರೆ ಮತ್ತೆ ಸಿದ್ಧವಾಗಲು ಹೊತ್ತು ಹಿಡಿಯುವುದರಿಂದ ತುರ್ತು ರಕ್ತಪರೀಕ್ಷೆ ಎಲ್ಲಿ ಮಾಡಿಸುವಿರಿ ಎಂದು ಮೊದಲೇ ಗೊತ್ತಿರಬೇಕು.

ಐಸಿಯು ಸಾಗಿಸುವ ಹೊತ್ತಿನಲ್ಲಿ ವಿದ್ಯುತ್ ಕೆಲಸಕ್ಕಿಂತ ಶುಶ್ರೂಷಕಿಯರ ಕೆಲಸವೇ ಹೆಚ್ಚು. ಯುಪಿಎಸ್ ಬ್ಯಾಟರಿಯ ಮೇಲೆ ಹೊರೆ ಇರುವಾಗ ಅದರ ಒಳಬರುವ ಕೇಬಲನ್ನು ಬದಲಿಸುತ್ತಾರೆ. ಮೊದಲೇ ಸಿದ್ಧಪಡಿಸಿದ್ದರೆ ಹತ್ತು ನಿಮಿಷದ ಮಾತು. ಹಿಂದಿನ ದಿನ ಯುಪಿಎಸ್ ಬ್ಯಾಟರಿಯನ್ನು ನಿಜವಾದ ಹೊರೆಯಲ್ಲಿ ಓಡಿಸಿ ಎಷ್ಟು ನಿಮಿಷ ಬರುತ್ತದೆ ಎಂದು ನೋಡಿರಬೇಕು. ವೆಂಟಿಲೇಟರಿನ ಒಳಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು. ಪ್ರತಿ ವೆಂಟಿಲೇಟರ್ ಹಾಸಿಗೆಯ ಪಕ್ಕ ಒಬ್ಬರು, ಅವರ ಕೈಗೆಟುಕುವಲ್ಲಿ ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಮತ್ತು ತುಂಬಿದ ಆಮ್ಲಜನಕ ಸಿಲಿಂಡರ್. ಪ್ಯಾನೆಲ್ ಕೋಣೆಗೂ ಐಸಿಯುಗೂ ನಡುವೆ ವಾಕಿಟಾಕಿ ಇರಲಿ, ಏಕೆಂದರೆ ಪ್ಯಾನೆಲ್ ಕೋಣೆಯೊಳಗೆ ಮೊಬೈಲ್ ಸಿಗ್ನಲ್ ಸಿಗುವುದು ಅಪರೂಪ. ‘ಎಳೆಯಿರಿ’ ಎಂದು ಹೇಳುವ ಅಧಿಕಾರ ಐಸಿಯು ವೈದ್ಯರೊಬ್ಬರಿಗೆ ಮಾತ್ರ. ಗುತ್ತಿಗೆದಾರರಿಗೂ ಇಲ್ಲ, ನಿಮಗೂ ಇಲ್ಲ. ಹಾಗೆಯೇ ಹಿಂದಿರುಗುವ ಗಡುವನ್ನು ಗೋಡೆಯ ಮೇಲೆ ಬರೆದಿಡಿ: ಯುಪಿಎಸ್ ಅರ್ಧ ಗಂಟೆ ಬರುವುದಾದರೆ ಹದಿನೈದನೇ ನಿಮಿಷಕ್ಕೆ, ಕೆಲಸ ಎಲ್ಲಿಗೇ ಬಂದಿರಲಿ, ಹಳೆಯ ಕೇಬಲ್ ವಾಪಸ್. ‘ಇನ್ನೆರಡೇ ಬೋಲ್ಟ್ ಸಾರ್’ ಎಂಬ ಮಾತಿಗೆ ಕರಗಬೇಡಿ.

ಎಲ್ಲವೂ ಸಾಗಿದ ಮೇಲೆ, ಇದೇ ಸಿದ್ಧತೆಯೊಂದಿಗೆ, ಮೇನ್ಸ್ ಬ್ರೇಕರನ್ನು ನಿಜವಾಗಿಯೂ ತೆಗೆದು ಇಡೀ ಆಸ್ಪತ್ರೆಯನ್ನು ಹೊಸ ವ್ಯವಸ್ಥೆಯ ಮೇಲೆ ಬಿಡಬೇಕು. ಪ್ಯಾನೆಲ್ಲಿನ ಟೆಸ್ಟ್ ಗುಂಡಿ ಒತ್ತಿದರೆ ಎಂಜಿನ್ ಓಡುತ್ತದೆ, ಆದರೆ ಹೊರೆ ವರ್ಗವಾಗುತ್ತದೆಯೇ ಎಂಬುದು ತಿಳಿಯುವುದಿಲ್ಲ. ಆಮೇಲೂ ತಿಂಗಳಿಗೊಮ್ಮೆ ಕನಿಷ್ಠ 30 ನಿಮಿಷ ಹೊರೆಯೊಂದಿಗೆ ಓಡಿಸಿ. ಹೊರೆಯಿಲ್ಲದೆ ಐದು ನಿಮಿಷ ಗುರುಗುಟ್ಟಿಸಿ ಪುಸ್ತಕದಲ್ಲಿ ಸಹಿ ಹಾಕುವ ಪದ್ಧತಿಯಿಂದ ಎಂಜಿನ್ನಿಗೆ ಕೇಡೇ ಹೆಚ್ಚು. ಎಎಂಎಫ್ ಆಟೊದಲ್ಲಿ ಇಲ್ಲದಿದ್ದರೆ, ಬ್ಯಾಟರಿ ಚಾರ್ಜರ್ ನಿಂತಿದ್ದರೆ ಉರಿಯುವ ಒಂದು ಕೆಂಪು ದೀಪವನ್ನು ಐಸಿಯು ಶುಶ್ರೂಷಕಿಯರ ಮೇಜಿನ ಬಳಿ ಹಾಕಿಸಿ. ಡಿಜಿ ಶೆಡ್ಡಿನಲ್ಲಿ ಅದನ್ನು ನೋಡುವವರಿಲ್ಲ.

ಕೊನೆಯದಾಗಿ ಹಳೆಯ ಸೆಟ್. ಈಗಲೇ ಎಕ್ಸ್‌ಚೇಂಜ್‌ಗೆ ಒಪ್ಪಬೇಡಿ, ಕೊಟೇಶನ್‌ನಿಂದ ಆ ಸಾಲನ್ನು ಬೇರ್ಪಡಿಸಿ. ಫೀಡರ್‌ಗಳ ಸಾಗಣೆ ಮುಗಿಯುವವರೆಗೆ ನಿಮ್ಮ ಎರಡನೇ ಮೂಲ ಅದೇ. ಅದರ ಕಾಯಿಲೆ ಏನೆಂದು ಮೇಲೆ ಹೇಳಿದಂತೆ ಪತ್ತೆಯಾದರೆ, ಎಂಜಿನ್ ಗಟ್ಟಿಯಾಗಿದ್ದರೆ, ಹೊಸದಾಗಿ 160 ಕೆವಿಎಯ ಒಂದನ್ನು ಮಾತ್ರ ಕೊಂಡು ಹಳೆಯದನ್ನೇ ಅದರ ಜೊತೆಗಾರನನ್ನಾಗಿ ಉಳಿಸಿಕೊಳ್ಳಬಹುದು. ಎರಡನ್ನೂ ಸಿಂಕ್ರೊನೈಸ್ ಮಾಡಿ ಒಂದೇ ಲಯದಲ್ಲಿ ಜೊತೆಯಾಗಿ ಓಡಿಸುವುದು ಆಗದಿದ್ದರೂ ಪರವಾಗಿಲ್ಲ. ಐಸಿಯು, ಶಸ್ತ್ರಚಿಕಿತ್ಸಾ ಕೊಠಡಿಗಳನ್ನು ಹೊಸದಕ್ಕೆ, ಎಸಿ, ಲಿಫ್ಟ್‌ಗಳನ್ನು ಹಳೆಯದಕ್ಕೆ ಹಂಚಿ, ಒಂದು ಕೆಟ್ಟಾಗ ಇನ್ನೊಂದಕ್ಕೆ ವರ್ಗಾಯಿಸುವ ಚೇಂಜ್ ಓವರ್ ಇಟ್ಟುಕೊಳ್ಳಿ. ಉಳಿದ ಹಣವನ್ನು ಯುಪಿಎಸ್ ಬ್ಯಾಟರಿಗಳಿಗೂ ಐಸಿಯು ಕೇಬಲಿಗೂ ಹಾಕಿ. ಕಂಟ್ರೋಲರಿನ ದೋಷಪಟ್ಟಿಯೂ ಒಂದು ವಾರದ ಅಳತೆಯೂ ಕೈಗೆ ಬಂದ ಮೇಲೆ ಬರೆಯಿರಿ. ಯಾವ ಗಾತ್ರ ಎಂಬ ಪ್ರಶ್ನೆಗೆ ಆಗ ಖಚಿತವಾಗಿ ಉತ್ತರಿಸಬಲ್ಲೆ.